ಗೆದ್ದು ಬರುವ ನಾಯಕ, ಸೋತು ಕೂರುವ ನಾಯಕ

1949ರಲ್ಲಿ ಎರಡು ಪುಸ್ತಕಗಳು ಹೊರಬಂದವು. ಒಂದು, ಅಮೆರಿಕದ ವಿದ್ವಾಂಸ ಜೋಸೆಫ್ ಕ್ಯಾಂಪ್‌ಬೆಲ್ ಅವರ 'ದಿ ಹೀರೋ ವಿತ್ ಎ ಥೌಸಂಡ್ ಫೇಸಸ್'. ಇನ್ನೊಂದು, ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಅವರ ಕಾದಂಬರಿ '1984'. ಸಾಹಿತ್ಯದ ವಿದ್ಯಾರ್ಥಿಗಳು ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದುವುದು ಒಳ್ಳೆಯದು.

ನಾನಾ ದೇಶಗಳ ಪುರಾಣಗಳನ್ನು ಹೋಲಿಸಿ ನೋಡಿದ ಕ್ಯಾಂಪ್‌ಬೆಲ್, ಅವುಗಳಲ್ಲಿ ಒಂದೇ ಅಚ್ಚನ್ನು ಕಂಡರು. ನಾಯಕ ತನ್ನ ಲೋಕವನ್ನು ಬಿಟ್ಟು ಹೊರಡುತ್ತಾನೆ. ಹಿರಿಯರ ನೆರವಿನಿಂದ ಕಠಿಣ ಪರೀಕ್ಷೆಗಳನ್ನು ದಾಟುತ್ತಾನೆ. ಗಳಿಸಿದ್ದನ್ನು ಹೊತ್ತು ತನ್ನವರ ಬಳಿಗೆ ಮರಳುತ್ತಾನೆ. ಅರಮನೆ ತೊರೆದ ಬುದ್ಧ ಜ್ಞಾನ ಪಡೆದು ಜನರ ನಡುವೆ ಬಂದ ಕಥೆ ಅವರು ಕೊಡುವ ಉದಾಹರಣೆಗಳಲ್ಲೊಂದು.

ಈ ಅಚ್ಚಿಗೆ '1984' ಹೊಂದುತ್ತದೆಯೇ? ಮೊದಮೊದಲು ಹೊಂದುತ್ತದೆ. ಹಳೆಯ ಪತ್ರಿಕೆಗಳನ್ನು ಪಕ್ಷಕ್ಕೆ ಬೇಕಾದಂತೆ ತಿದ್ದುವುದು 39 ವರ್ಷದ ವಿನ್‌ಸ್ಟನ್ ಸ್ಮಿತ್‌ನ ನೌಕರಿ. ಒಂದು ದಿನ ಅವನು ಕದ್ದುಮುಚ್ಚಿ ದಿನಚರಿ ಬರೆಯತೊಡಗುತ್ತಾನೆ. ಅದೇ ಅವನ ಪಯಣದ ಆರಂಭ. ಜೂಲಿಯಾ ಸಂಗಾತಿಯಾಗುತ್ತಾಳೆ. ಓಬ್ರಿಯನ್ ಗುರುವಿನಂತೆ ಕಾಣುತ್ತಾನೆ. ಆದರೆ ಆ ಗುರುವೇ ಮುಂದೆ ಅವನನ್ನು ಹಿಂಸಿಸುವವನು! 101ನೇ ಕೋಣೆಯಲ್ಲಿ ಇಲಿಗಳಿಗೆ ಹೆದರಿ, ತನ್ನ ಬದಲು ಜೂಲಿಯಾಳನ್ನು ಹಿಂಸಿಸಿ ಎಂದು ವಿನ್‌ಸ್ಟನ್ ಅಂಗಲಾಚುತ್ತಾನೆ. ಬಿಡುಗಡೆಯಾಗಿ ಬಂದಾಗ ಅವನ ಕೈ ಬರಿದು, ಮನಸ್ಸು 'ದೊಡ್ಡಣ್ಣ'ನದು.

ಇನ್ನು 1953ರಲ್ಲಿ ಬಂದ ರೇ ಬ್ರ್ಯಾಡ್‌ಬರಿ ಅವರ 'ಫ್ಯಾರನ್‌ಹೀಟ್ 451' ನೋಡಿ. ಅದೂ ಕರಾಳ ಭವಿಷ್ಯದ ಕಥೆಯೇ. ಪುಸ್ತಕ ಸುಡುವುದೇ ಮಾಂಟಾಗ್‌ನ ಕೆಲಸ. ನೀನು ಸುಖವಾಗಿದ್ದೀಯಾ ಎಂದು ಕ್ಲಾರಿಸ್ ಎಂಬ ಹುಡುಗಿ ಕೇಳುವ ಪ್ರಶ್ನೆ ಅವನನ್ನು ಎಬ್ಬಿಸುತ್ತದೆ. ವೃದ್ಧ ಪ್ರೊಫೆಸರ್ ಫೇಬರ್ ದಾರಿ ತೋರುತ್ತಾರೆ. ನದಿ ದಾಟಿದ ಮಾಂಟಾಗ್, ಪುಸ್ತಕಗಳನ್ನು ಬಾಯಿಪಾಠ ಮಾಡಿ ಉಳಿಸಿಕೊಂಡವರನ್ನು ಸೇರುತ್ತಾನೆ. ಯುದ್ಧದಲ್ಲಿ ನಗರ ನಾಶವಾದ ಮೇಲೆ ಅವರೆಲ್ಲ ಅದರತ್ತ ಹೆಜ್ಜೆ ಹಾಕುತ್ತಾರೆ. ಇಲ್ಲಿ ಪಯಣ ಪೂರ್ಣ.

ಹಾಗಾದರೆ ವಿನ್‌ಸ್ಟನ್ ಹೇಡಿಯೇ? ಅಲ್ಲ. ನಾಯಕ ಮರಳಬೇಕಾದರೆ ಅವನ ಮಾತನ್ನು ನಂಬುವ ಜನ ಬೇಕು. ಹಿಂದಿನದನ್ನು ನೆನಪಿಟ್ಟುಕೊಂಡ ಸಮಾಜ ಬೇಕು. ಮಾಂಟಾಗ್‌ಗೆ ಅಂಥ ಸಂಗಡಿಗರು ಸಿಕ್ಕರು. ವಿನ್‌ಸ್ಟನ್‌ನ ನಾಡಿನಲ್ಲಾದರೋ ಮಕ್ಕಳೇ ತಂದೆತಾಯಿಯ ಮೇಲೆ ದೂರು ಕೊಡುತ್ತಾರೆ. ನಿನ್ನೆಯ ಪತ್ರಿಕೆ ಇಂದು ಬೇರೆಯಾಗಿರುತ್ತದೆ. ಅಂಥಲ್ಲಿ ಒಂಟಿ ಧೈರ್ಯ ಸಾಲದು.

ಪರೀಕ್ಷೆಯಲ್ಲಿ ಪಯಣದ ಹಂತಗಳನ್ನು ಪಟ್ಟಿ ಮಾಡಿ ಬರೆಯುವುದು ಸುಲಭ. ಅಚ್ಚು ಎಲ್ಲಿ ಮುರಿಯಿತು, ಏಕೆ ಮುರಿಯಿತು ಎಂದು ಬರೆದರೆ ಮಾತ್ರ ಕಾದಂಬರಿ ಅರ್ಥವಾದಂತೆ. ದುಃಖಾಂತ್ಯದ ಪುಸ್ತಕ ಬೆಳೆಯುವ ಮಕ್ಕಳಿಗೆ ಬೇಡವೆನ್ನುವ ಪಾಲಕರೂ ಇದನ್ನು ಗಮನಿಸಬೇಕು. ಓದಿ ಮುಗಿಸಿದ ಮಗ ಅಥವಾ ಮಗಳನ್ನು ಒಂದೇ ಪ್ರಶ್ನೆ ಕೇಳಿ: ವಿನ್‌ಸ್ಟನ್ ಗೆಲ್ಲಬೇಕಿದ್ದರೆ ಸುತ್ತಲಿನವರು ಏನು ಮಾಡಬೇಕಿತ್ತು? ಉತ್ತರ ಹುಡುಕಲು ನೀವೂ ಜೊತೆಗೆ ಕೂರಿ.