ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಮತ್ತು ಕನ್ನಡ ಬರವಣಿಗೆ: ವಿಜಯಪುರ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ನೆಲೆಯಿಂದ ಒಂದು ತೌಲನಿಕ ವಿವೇಚನೆ

ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ವಿದ್ಯಾರ್ಥಿಗಳ ಕೈಗೆ ಎರಡು ವರ್ಷಗಳ ಅಂತರದಲ್ಲಿ ಎರಡು ಬಗೆಯ ಗಣಕಗಳು ಬಂದವು. 2019-20ನೆಯ ಶೈಕ್ಷಣಿಕ ವರ್ಷದಲ್ಲಿ ಪ್ರಥಮ ವರ್ಷದ ಪದವಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ದೊರೆತರೆ, ಕೊರೋನಾ ಕಾಲದ 2021ರ ಜೂನ್ ತಿಂಗಳಿನಲ್ಲಿ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯಕ್ರಮ ಆರಂಭವಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸರ್ಕಾರಿ ಕಾಲೇಜುಗಳೂ ಈ ವ್ಯವಸ್ಥೆಯೊಳಗಿನವೇ. ಎರಡನೆಯ ಯೋಜನೆಗೆ ತಗುಲಿದ ವೆಚ್ಚ ಸುಮಾರು 163 ಕೋಟಿ ರೂಪಾಯಿ, ಅಂದರೆ ಒಂದು ಟ್ಯಾಬ್ಲೆಟ್‌ಗೆ ಹತ್ತು ಸಾವಿರದ ಆಸುಪಾಸು. ಆ ಹಣಕ್ಕೆ ಬಳಸಲು ತಕ್ಕ ಹೊಸ ಲ್ಯಾಪ್‌ಟಾಪ್ ದೊರೆಯುವುದಿಲ್ಲ. ಹೀಗಾಗಿ ಟ್ಯಾಬ್ಲೆಟ್ ಎಂದರೆ ಅಗ್ಗದ ಲ್ಯಾಪ್‌ಟಾಪ್ ಎಂಬ ಭಾವನೆ ಸಹಜವಾಗಿಯೇ ಮೂಡಿತು. ಕನ್ನಡ ಅಧ್ಯಯನದ ದೃಷ್ಟಿಯಿಂದ ಈ ಭಾವನೆ ಸರಿಯಲ್ಲ. ಇವೆರಡರ ನಡುವಿನ ವ್ಯತ್ಯಾಸ ಬೆಲೆಗಿಂತ ಹೆಚ್ಚಾಗಿ, ಅವು ಕನ್ನಡವನ್ನು ಒಳಗೆ ಹೇಗೆ ಇಟ್ಟುಕೊಳ್ಳುತ್ತವೆ ಮತ್ತು ಹೊರಗೆ ಹೇಗೆ ತೋರಿಸುತ್ತವೆ ಎಂಬುದರಲ್ಲಿದೆ.

ಕೈಯಲ್ಲಿ ಹಿಡಿಯುವ ಅಗ್ಗದ ಗಣಕದ ಕಲ್ಪನೆ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯವರೂ ಕೂಡಿ ರೂಪಿಸಿದ ಸಿಂಪ್ಯೂಟರ್ 2001ರ ಹೊತ್ತಿಗೆ ಮಾದರಿಯ ರೂಪದಲ್ಲಿ ಸಿದ್ಧವಾಗಿ, 2004ರಲ್ಲಿ ಮಾರುಕಟ್ಟೆಗೆ ಬಂದಿತು. ಲಿನಕ್ಸ್ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದ ಅದರ ಮುಖ್ಯ ಆಶಯವೆಂದರೆ, ಇಂಗ್ಲಿಷ್ ಬಾರದವನೂ ತನ್ನ ಭಾಷೆಯಲ್ಲಿ ಬಳಸಬೇಕೆಂಬುದು. ಕನ್ನಡವೂ ಅದರ ಭಾಷೆಗಳಲ್ಲಿ ಒಂದಾಗಿತ್ತು. ಅದು ನಿರೀಕ್ಷಿತ ಪ್ರಮಾಣದಲ್ಲಿ ಮಾರಾಟವಾಗಲಿಲ್ಲ ಎಂಬುದು ನಿಜ. ಆದರೆ ಭಾಷೆಯನ್ನು ಮೊದಲು ಯೋಚಿಸಿ ಯಂತ್ರವನ್ನು ಆಮೇಲೆ ಕಟ್ಟಿದ ಆ ಕ್ರಮ ಮುಂದಿನ ಪ್ರಯತ್ನಗಳಲ್ಲಿ ಉಳಿಯಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್ ಇದಕ್ಕೆ ನಿದರ್ಶನ. 366 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್, 256 ಮೆಗಾಬೈಟ್ ಸ್ಮೃತಿ, ಒತ್ತಿದರೆ ಮಾತ್ರ ಸ್ಪಂದಿಸುವ ಏಳು ಅಂಗುಲದ ಪರದೆ ಇವು ಅದರ ಯಂತ್ರಾಂಶ. ಇವುಗಳ ಬಗ್ಗೆ ಆಗ ಸಾಕಷ್ಟು ಟೀಕೆ ಬಂದಿತು. ಕನ್ನಡದ ಮಟ್ಟಿಗೆ ಇನ್ನೂ ದೊಡ್ಡ ಕೊರತೆ ಅದರ ಆಂಡ್ರಾಯ್ಡ್ 2.2 ಆವೃತ್ತಿಯಲ್ಲಿತ್ತು. ಆಂಡ್ರಾಯ್ಡ್‌ಗೆ ಕನ್ನಡ ಲಿಪಿಯ ಬೆಂಬಲ ಬಂದುದು 2012ರ 4.1 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಎಷ್ಟೇ ವೇಗದ ಪ್ರೊಸೆಸರ್ ಇದ್ದರೂ ಕನ್ನಡ ಪುಟ ಖಾಲಿ ಚೌಕಗಳ ಸಾಲಾಗಿ ಕಾಣುವುದೇ ಸಾಮಾನ್ಯವಾಗಿತ್ತು.

ಇದರ ಕಾರಣವನ್ನು ತುಸು ವಿವರವಾಗಿ ಗಮನಿಸಬೇಕು. ಯುನಿಕೋಡ್ ವ್ಯವಸ್ಥೆ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದೆ. ಅಲ್ಲಿರುವುದು ಮೂಲಾಕ್ಷರಗಳು, ಸ್ವರಚಿಹ್ನೆಗಳು, ಅಂಕಿಗಳು ಮತ್ತು ವಿರಾಮ ಚಿಹ್ನೆ. ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ‘ಸ್ತ್ರೀ’ ಎಂದು ಬರೆದಾಗ ಕಡತದಲ್ಲಿ ಉಳಿಯುವುದು ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳು ಮಾತ್ರ. ಇವನ್ನು ಕೂಡಿಸಿ ಒಂದರ ಕೆಳಗೆ ಇನ್ನೊಂದು ಬರುವಂತೆ ಪರದೆಯ ಮೇಲೆ ಚಿತ್ರಿಸುವುದು ಕಾರ್ಯಾಚರಣ ವ್ಯವಸ್ಥೆಯೊಳಗಿನ ಲಿಪಿರಚನೆಯ ತಂತ್ರಾಂಶದ ಕೆಲಸ. ವಿಂಡೋಸ್‌ನಲ್ಲಿ ಈ ಕೆಲಸವನ್ನು ಯುನಿಸ್ಕ್ರೈಬ್ ಆರಂಭಿಸಿತು, ಲಿನಕ್ಸ್ ಮತ್ತು ಆಂಡ್ರಾಯ್ಡ್‌ಗಳಲ್ಲಿ ಹಾರ್ಫ್‌ಬಜ್ ನಿರ್ವಹಿಸುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಅಕ್ಷರಶೈಲಿಯೊಂದಿಗೆ ಕನ್ನಡ ಬಂದಿತು. ಆದರೂ ಸಂಕೀರ್ಣ ಲಿಪಿಗಳ ಬೆಂಬಲವನ್ನು ಬಳಕೆದಾರನೇ ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬೇಕಿತ್ತು. ಲ್ಯಾಪ್‌ಟಾಪ್‌ಗಳು ಟ್ಯಾಬ್ಲೆಟ್‌ಗಳಿಗಿಂತ ಹತ್ತು ವರ್ಷ ಮೊದಲೇ ಕನ್ನಡವನ್ನು ಕಲಿತವು ಎಂದರೆ ತಪ್ಪಾಗಲಾರದು. ಇಂದು ಆ ಅಂತರ ಬಹುಮಟ್ಟಿಗೆ ಮುಚ್ಚಿದೆ. ಕನ್ನಡವನ್ನು ಸರಿಯಾಗಿ ತೋರಿಸುವ ವಿಷಯದಲ್ಲಿ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್, ಆಪಲ್ ಸಂಸ್ಥೆಯ ಐಪ್ಯಾಡ್‌ಗಳ ನಡುವೆ ಈಗ ಹೇಳಿಕೊಳ್ಳುವಂಥ ಭೇದವಿಲ್ಲ.

ಓದಿನಿಂದ ಬರವಣಿಗೆಗೆ ಬಂದಾಗ ಭೇದ ಕಾಣಿಸಿಕೊಳ್ಳುತ್ತದೆ. ಕನ್ನಡ ವಿಭಾಗಗಳಲ್ಲಿ ಬಹುಕಾಲ ಸಿದ್ಧವಾದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಸಂಪ್ರಬಂಧಗಳ ಬಹುಪಾಲು ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅಥವಾ ಅಂತಹುದೇ ತಂತ್ರಾಂಶದ ಹಳೆಯ ಸಂಕೇತಕ್ರಮದಲ್ಲಿವೆ. ಆ ಕ್ರಮದಲ್ಲಿ ಕನ್ನಡ ಅಕ್ಷರದ ತುಣುಕುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ನುಡಿಯ ಅಕ್ಷರಶೈಲಿ ಇರುವ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಅವು ಕನ್ನಡವಾಗಿಯೇ ಕಾಣುತ್ತವೆ. ಅದೇ ಕಡತವನ್ನು ಆಂಡ್ರಾಯ್ಡ್ ಟ್ಯಾಬ್ಲೆಟ್‌ನಲ್ಲಿ ತೆರೆದರೆ ‘ಕನ್ನಡ’ ಎಂಬ ಪದವು ರೋಮನ್ ‘ಪಿ’ಯಿಂದ ಮೊದಲಾಗಿ, ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’ಗಳೂ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆಯೂ ಇರುವ ವಿಚಿತ್ರ ಸಾಲಾಗುತ್ತದೆ. ಸಾಮಾನ್ಯ ಬಳಕೆದಾರ ಆಂಡ್ರಾಯ್ಡ್‌ನಲ್ಲಿ ಹೊಸ ಅಕ್ಷರಶೈಲಿಯನ್ನು ಇಡೀ ವ್ಯವಸ್ಥೆಗೆ ಸೇರಿಸುವಂತಿಲ್ಲ. ವಿಂಡೋಸ್‌ಗಾಗಿ ಬರೆದ ನುಡಿ ತಂತ್ರಾಂಶ ಅಲ್ಲಿ ನಡೆಯುವುದೂ ಇಲ್ಲ. ಟಿಪ್ಪಣಿಯನ್ನು ಪಿಡಿಎಫ್ ಮಾಡಿ ಕಳುಹಿಸಿದರೆ ಓದಬಹುದು ನಿಜ, ಆದರೆ ಅದರಲ್ಲಿ ಒಂದು ಪದವನ್ನು ಹುಡುಕಲು, ಒಂದು ವಾಕ್ಯವನ್ನು ಎತ್ತಿ ಉದ್ಧರಿಸಲು ಆಗುವುದಿಲ್ಲ. ನುಡಿಯ ಈಚಿನ ಆವೃತ್ತಿಗಳು ಯುನಿಕೋಡನ್ನೂ ಒಪ್ಪುತ್ತವೆ. ಪರಿವರ್ತಕಗಳೂ ಇವೆ. ಹಾಗಿದ್ದೂ ಅಧ್ಯಾಪಕರು ಹಳೆಯ ಕಡತಗಳನ್ನೇ ಹಂಚುವಷ್ಟು ಕಾಲ, ಟ್ಯಾಬ್ಲೆಟ್ ಪಡೆದ ವಿದ್ಯಾರ್ಥಿಗೆ ತನ್ನ ವಿಭಾಗದ ಟಿಪ್ಪಣಿಯೇ ಅಪರಿಚಿತ ಭಾಷೆಯಾಗಿ ಉಳಿಯುತ್ತದೆ. ಈ ತೊಡಕಿನ ಹೊಣೆ ಯಂತ್ರಕ್ಕಿಂತ ಹೆಚ್ಚಾಗಿ ವಿಭಾಗಗಳದು.

ಕೀಲಿಮಣೆಯ ವಿಚಾರವೂ ಇಂಥದೇ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆಯನ್ನು ಬೆರಳಿಗೆ ರೂಢಿಸಿಕೊಂಡವರು ಲ್ಯಾಪ್‌ಟಾಪ್‌ನಲ್ಲಿ ಪರದೆಯನ್ನೇ ನೋಡುತ್ತ ಪುಟಗಟ್ಟಲೆ ಬರೆಯಬಲ್ಲರು. ಟ್ಯಾಬ್ಲೆಟ್‌ನ ಸ್ಪರ್ಶ ಕೀಲಿಮಣೆ ಪರದೆಯ ಅರ್ಧಭಾಗವನ್ನು ತಾನೇ ಆಕ್ರಮಿಸುತ್ತದೆ. ಹಳಗನ್ನಡ ಪಠ್ಯಕ್ಕೆ ಬೇಕಾದ ಱ, ೞ ಅಕ್ಷರಗಳು ಹಲವು ಸ್ಪರ್ಶ ಕೀಲಿಮಣೆಗಳಲ್ಲಿ ಸುಲಭವಾಗಿ ಕೈಗೆ ಸಿಗುವುದಿಲ್ಲ. (ಈ ೞಕಾರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ಇಂದಿಗೂ ‘ಫ’ ಎಂಬ ತಪ್ಪು ಹೆಸರೇ ಇದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ.) ಟ್ಯಾಬ್ಲೆಟ್‌ಗೆ ಪ್ರತ್ಯೇಕ ಕೀಲಿಮಣೆಯನ್ನು ಜೋಡಿಸಬಹುದು. ಆಗ ಈ ಕೊರತೆ ಬಹಳ ಮಟ್ಟಿಗೆ ನೀಗುತ್ತದೆ. ಆದರೆ ಅದು ವಿದ್ಯಾರ್ಥಿಯ ಸ್ವಂತ ಖರ್ಚು.

ಇಷ್ಟರಿಂದ ಟ್ಯಾಬ್ಲೆಟ್ ನಿರುಪಯೋಗಿ ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಕನ್ನಡ ಅಧ್ಯಯನಕ್ಕೆ ಕ್ಷೇತ್ರಕಾರ್ಯದ ಗಟ್ಟಿ ಪರಂಪರೆಯಿದೆ. ಆಗಿನ ಇಂಡಿ ತಾಲ್ಲೂಕಿನ, ಈಗ ಚಡಚಣ ತಾಲ್ಲೂಕಿಗೆ ಸೇರಿದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು, ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. 1931ರ ‘ಗರತಿಯ ಹಾಡು’ ಅದರ ಫಲ. ಅವರ ಬಳಿ ಇದ್ದುದು ಕಿವಿ ಮತ್ತು ಕಾಗದ. ಹಾಡಿನ ಮಟ್ಟು, ಹಾಡುವವರ ಉಸಿರಿನ ನಿಲುಗಡೆ ಇವನ್ನು ಕಾಗದ ಹಿಡಿದಿಡಲಾರದು. ಬೀಸುಕಲ್ಲಿನ ಪಕ್ಕದಲ್ಲೋ ಹೊಲದ ಬದುವಿನಲ್ಲೋ ಕುಳಿತು ಧ್ವನಿಯನ್ನೂ ಚಿತ್ರವನ್ನೂ ಸಂಗ್ರಹಿಸಲು ಟ್ಯಾಬ್ಲೆಟ್‌ಗಿಂತ ತಕ್ಕ ಸಾಧನ ವಿದ್ಯಾರ್ಥಿಯ ಕೈಯಲ್ಲಿ ಇನ್ನೊಂದಿಲ್ಲ. ಕ್ಯಾಮೆರಾ, ಧ್ವನಿಗ್ರಾಹಕ, ಸಿಮ್ ಸಂಪರ್ಕ ಒಂದೇ ಫಲಕದಲ್ಲಿರುತ್ತವೆ. ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತ ಸಂಶೋಧಕನ ಮುಂದೆ ಹಾಡುವವರು ಸಂಕೋಚಪಡುವುದೂ ಉಂಟು.

ಎಚ್ಚರ ಬೇಕಾದುದು ಮುಂದಿನ ಹಂತದಲ್ಲಿ. ಧ್ವನಿಯನ್ನು ಬರಹಕ್ಕಿಳಿಸುವಾಗ ಸ್ಪರ್ಶ ಕೀಲಿಮಣೆಯ ಪದಸೂಚನೆ ಶಿಷ್ಟರೂಪದ ಕಡೆಗೆ ಎಳೆಯುತ್ತದೆ. ಸಿಂದಗಿಯ ಹೆಣ್ಣುಮಗಳು ‘ಬಂದಾನ’, ‘ಹೋಗ್ಯಾಳ’ ಎಂದುದನ್ನು ಅದು ‘ಬಂದನು’, ‘ಹೋಗಿದ್ದಾಳೆ’ ಎಂದು ತಿದ್ದಲು ಹವಣಿಸುತ್ತದೆ. ಗಮನಿಸದೆ ಒಪ್ಪಿಕೊಂಡರೆ ಆಡುಮಾತಿನ ಸಾಕ್ಷ್ಯವೇ ನಾಶವಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೇರವಾಗಿ ಬೆರಳಚ್ಚು ಮಾಡುವಾಗ ಈ ಒತ್ತಡವಿಲ್ಲ. ಟ್ಯಾಬ್ಲೆಟ್‌ನಲ್ಲಿ ಪದಸೂಚನೆ, ಸ್ವಯಂತಿದ್ದುಪಡಿಗಳನ್ನು ಮೊದಲೇ ನಿಲ್ಲಿಸಿಟ್ಟುಕೊಳ್ಳುವುದು ಕ್ಷೇತ್ರಕಾರ್ಯದ ಶಿಸ್ತಿನ ಭಾಗವಾಗಬೇಕು. ಇಂದು ಸಂಗ್ರಹಿಸಿದ ಪಾಠವನ್ನು ನಾಳೆ ಉಪಭಾಷೆಯ ಅಧ್ಯಯನಕ್ಕೆ ಬಳಸುವವರಿಗೆ, ಯಾವುದು ವಕ್ತೃವಿನ ರೂಪ, ಯಾವುದು ಯಂತ್ರ ತುರುಕಿದ ರೂಪ ಎಂದು ಬೇರ್ಪಡಿಸುವ ದಾರಿ ಇರುವುದಿಲ್ಲ.

ಯಂತ್ರಾಂಶದ ಬಾಳಿಕೆಯನ್ನು ಈ ಪ್ರದೇಶದ ಹವೆಯೊಂದಿಗೆ ಕೂಡಿಸಿ ನೋಡಬೇಕು. ಬೇಸಿಗೆಯಲ್ಲಿ ಇಲ್ಲಿಯ ತಾಪಮಾನ 40 ಡಿಗ್ರಿಯನ್ನು ದಾಟುತ್ತದೆ. ಎರೆಮಣ್ಣಿನ ನುಣುಪಾದ ದೂಳು ಲ್ಯಾಪ್‌ಟಾಪ್‌ನ ತಂಪುಗಾಳಿಯ ಫ್ಯಾನಿನಲ್ಲಿ ತುಂಬಿಕೊಂಡು ಶಾಖ ಹೊರಹೋಗುವುದನ್ನು ತಡೆಯುತ್ತದೆ. ಆಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಟ್ಯಾಬ್ಲೆಟ್‌ಗೆ ಫ್ಯಾನ್ ಇಲ್ಲ, ದೂಳಿನ ಭಯ ಕಡಿಮೆ, ವಿದ್ಯುತ್ತಿನ ಬಳಕೆಯೂ ಅಲ್ಪ. ಲಿಥಿಯಂ ಬ್ಯಾಟರಿ ಮಾತ್ರ ಎರಡರಲ್ಲೂ ಉಷ್ಣಕ್ಕೆ ಬೇಗ ಸವೆಯುತ್ತದೆ. ಸವೆದ ಮೇಲೆ ಲ್ಯಾಪ್‌ಟಾಪ್‌ನ ಬ್ಯಾಟರಿ, ಶೇಖರಣೆಯ ಡಿಸ್ಕು, ಹಲವು ಮಾದರಿಗಳಲ್ಲಿ ಸ್ಮೃತಿಯನ್ನೂ ಬದಲಿಸಬಹುದು. ಅಗ್ಗದ ಟ್ಯಾಬ್ಲೆಟ್‌ನಲ್ಲಿ ಬ್ಯಾಟರಿ ಅಂಟಿನಿಂದ ಕೂಡಿರುತ್ತದೆ. ಸ್ಮೃತಿ, ಶೇಖರಣೆಗಳನ್ನು ಮುಖ್ಯ ಫಲಕಕ್ಕೇ ಬೆಸೆದಿರುತ್ತಾರೆ. ಕೆಟ್ಟರೆ ಇಡೀ ಯಂತ್ರವೇ ಹೋದಂತೆ.

ಕಾರ್ಯಾಚರಣ ವ್ಯವಸ್ಥೆಯ ಆಯುಷ್ಯದ ಮಾತೂ ಇದಕ್ಕೆ ಸೇರಿದ್ದು. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳನ್ನು ತನ್ನ ಯಂತ್ರಕ್ಕೆ ಒದಗಿಸುವುದು ಬಿಡುವುದು ತಯಾರಕರ ಇಚ್ಛೆ. ಕಡಿಮೆ ಬೆಲೆಯ ಮಾದರಿಗಳು ಒಂದೆರಡು ವರ್ಷಗಳಲ್ಲೇ ಅದರಿಂದ ವಂಚಿತವಾಗುವುದು ಸಾಮಾನ್ಯ. ಐಪ್ಯಾಡ್‌ಗಳಿಗೆ ಹೆಚ್ಚು ವರ್ಷ ಹೊಸ ಆವೃತ್ತಿ ದೊರೆಯುತ್ತದೆಯಾದರೂ ಅವುಗಳ ಬೆಲೆ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಯ ಅಳವಿಗೆ ಮೀರಿದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ನಿಗದಿಪಡಿಸಿದ ಭದ್ರತಾ ಚಿಪ್ಪು, ಪ್ರೊಸೆಸರ್ ಪೀಳಿಗೆಗಳಿಲ್ಲದ ಹಳೆಯ ಲ್ಯಾಪ್‌ಟಾಪ್‌ಗಳು ಅಲ್ಲಿಗೇ ನಿಲ್ಲುತ್ತವೆ. ಆದರೆ ಅಂಥ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡು, ಲಿಬ್ರೆಆಫೀಸ್‌ನಲ್ಲಿ ಯುನಿಕೋಡ್ ಕನ್ನಡವನ್ನು ಇನ್ನೂ ಹಲವು ವರ್ಷ ಬರೆಯಬಹುದು. ಬೀಗ ಹಾಕಿದ ಟ್ಯಾಬ್ಲೆಟ್‌ಗೆ ಬೇರೆ ವ್ಯವಸ್ಥೆಯನ್ನು ಅಳವಡಿಸುವುದು ತಜ್ಞರಿಗೂ ಕಷ್ಟ. ಪದವಿ ಮುಗಿಸಿದ ವಿದ್ಯಾರ್ಥಿಗಳು ಬಳಸದೆ ಮೂಲೆಗಿಟ್ಟ ಲ್ಯಾಪ್‌ಟಾಪ್‌ಗಳನ್ನು ಈ ರೀತಿ ಸಜ್ಜುಗೊಳಿಸಿ ಕಾಲೇಜಿನ ಕನ್ನಡ ವಿಭಾಗದಲ್ಲಿ ನಾಲ್ಕಾರನ್ನು ಇಟ್ಟರೆ, ಟ್ಯಾಬ್ಲೆಟ್‌ನಲ್ಲಿ ಸಂಗ್ರಹಿಸಿ ತಂದ ಹಾಡನ್ನು ಅಲ್ಲಿಯೇ ಕೇಳಿ ಬರಹಕ್ಕಿಳಿಸಬಹುದು, ವಿಭಾಗದ ಹಳೆಯ ನುಡಿ ಕಡತಗಳನ್ನೂ ಅಲ್ಲಿಯೇ ಯುನಿಕೋಡ್‌ಗೆ ಪರಿವರ್ತಿಸಬಹುದು.