ಹುಡುಕುವ ಪಾಠ, ತೋರುವ ಪಾಠ: ಪ್ರಾಚೀನ ಕನ್ನಡ ಪಠ್ಯಗಳ ಶೋಧವ್ಯವಸ್ಥೆಯಲ್ಲಿ ಕ್ಷೇತ್ರವಿಭಜನೆ

ಕರ್ನಾಟಕದ ಹೊರಗಿದ್ದು ಪ್ರಾಚೀನ ಕನ್ನಡ ಸಾಹಿತ್ಯವನ್ನು ಅಭ್ಯಸಿಸುವವರಿಗೆ ಇಂದು ಮುದ್ರಿತ ಸಂಪುಟಕ್ಕಿಂತ ಮೊದಲು ಎದುರಾಗುವುದು ಗಣಕದ ಶೋಧಫಲಿತ. ಒಂದು ಪದವನ್ನು ಕೊಟ್ಟರೆ ಅದರ ಪ್ರಯೋಗಸ್ಥಳಗಳು ಎರಡು ಮೂರು ಸಾಲುಗಳ ಮುನ್ನೋಟದೊಡನೆ ದೊರೆಯುತ್ತವೆ. ಆ ಸಾಲುಗಳನ್ನೇ ಪ್ರಮಾಣವಾಗಿ ಉದ್ಧರಿಸುವುದು, ಪದ ದೊರೆಯದಿದ್ದರೆ ‘ಈ ಕೃತಿಯಲ್ಲಿ ಈ ಪ್ರಯೋಗವಿಲ್ಲ’ ಎಂದು ನಿರ್ಣಯಿಸುವುದು ಸುಲಭವಾಗಿದೆ. ಇಂಥ ಉದ್ಧರಣೆ ಮತ್ತು ನಿರ್ಣಯಗಳ ವಿಶ್ವಾಸಾರ್ಹತೆ ಗ್ರಂಥಸಂಪಾದಕರ ಶ್ರಮವೊಂದನ್ನೇ ಅವಲಂಬಿಸಿಲ್ಲ. ಶೋಧಯಂತ್ರದ ಕ್ಷೇತ್ರಗಳನ್ನು ಹೇಗೆ ಗೊತ್ತುಪಡಿಸಲಾಗಿದೆ ಎಂಬುದನ್ನೂ ಅವಲಂಬಿಸಿದೆ. ತಂತ್ರಜ್ಞರು ‘ಫೀಲ್ಡ್’ ಎನ್ನುವುದನ್ನು ನಾವಿಲ್ಲಿ ಕ್ಷೇತ್ರವೆಂದು ಕರೆದಿದ್ದೇವೆ. ಅದರ ಸ್ವರೂಪವನ್ನು ಸಾಹಿತ್ಯದ ಅಭ್ಯಾಸಿಗಳಿಗೆ ತಿಳಿಯುವಂತೆ ವಿವರಿಸುವುದು ಈ ಲೇಖನದ ಉದ್ದೇಶ.

ವಿಷಯ ನಮಗೆ ತೀರ ಹೊಸದೇನಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರ ಅವಧಿಯಲ್ಲಿ ಎಂಟು ಸಂಪುಟಗಳಾಗಿ ಹೊರಬಂದಿತು. ಇಂಥ ನಿಘಂಟಿನ ಕೆಲಸದಲ್ಲಿ ಬಳಕೆಯಾಗುವ ಚೀಟಿಯನ್ನು ನೆನೆಯಬಹುದು. ಚೀಟಿಯ ತಲೆಯ ಮೇಲೆ ಅಕಾರಾದಿಯಲ್ಲಿ ಜೋಡಿಸಲು ಅನುಕೂಲವಾದ ಪದರೂಪ. ಅದರ ಕೆಳಗೆ ಕೃತಿಯಲ್ಲಿರುವಂತೆಯೇ ಎತ್ತಿಕೊಂಡ ಪ್ರಯೋಗ, ಆಕರ, ಪದ್ಯಸಂಖ್ಯೆ. ತಲೆಯ ರೂಪವನ್ನು ನಿಘಂಟುಕಾರ ತನ್ನ ಅನುಕೂಲಕ್ಕೆ ತಕ್ಕಂತೆ ಏಕರೂಪಗೊಳಿಸಬಹುದು. ಕೆಳಗಿನ ಪ್ರಯೋಗವನ್ನು ಮುಟ್ಟುವಂತಿಲ್ಲ. ಶೋಧಯಂತ್ರವೂ ಇದೇ ಎರಡು ಕೆಲಸಗಳನ್ನು ಮಾಡುತ್ತದೆ. ಡಗ್ ಕಟಿಂಗ್ ಅವರು 1999ರಲ್ಲಿ ರೂಪಿಸಿದ ಲೂಸೀನ್ ಹಾಗೂ ಅದರ ಮೇಲೆ ನಿಂತ ಸೋಲರ್, ಎಲಾಸ್ಟಿಕ್‌ಸರ್ಚ್‌ಗಳಲ್ಲಿ ಪ್ರತಿ ಕ್ಷೇತ್ರಕ್ಕೂ ಎರಡು ಗುಣಗಳನ್ನು ಬೇರೆಬೇರೆಯಾಗಿ ನಿಗದಿಪಡಿಸಬಹುದು. ಕ್ಷೇತ್ರದಲ್ಲಿರುವ ಪಠ್ಯವನ್ನು ಪದಗಳಾಗಿ ಒಡೆದು ಸೂಚಿಗೆ ಸೇರಿಸಬೇಕೆ ಎಂಬುದು ಒಂದು. ಪಠ್ಯವನ್ನು ಇದ್ದ ಹಾಗೆ ಕಾಪಿಟ್ಟು ಫಲಿತದಲ್ಲಿ ತೋರಿಸಬೇಕೆ ಎಂಬುದು ಇನ್ನೊಂದು. ಮೊದಲನೆಯದು ಹುಡುಕುವ ಪಾಠ, ಎರಡನೆಯದು ತೋರುವ ಪಾಠ. ಸೂಚಿಗೆ ಮಾತ್ರ ಸೇರಿ ಕಾಪಿಡದ ಪಠ್ಯ ಸಿಕ್ಕುತ್ತದೆ, ಆದರೆ ಕಾಣುವುದಿಲ್ಲ. ಕಾಪಿಟ್ಟು ಸೂಚಿಗೆ ಸೇರಿಸದ ಪಠ್ಯ ಕಾಣಬಲ್ಲುದು, ಆದರೆ ಸಿಕ್ಕುವುದಿಲ್ಲ.

ಹುಡುಕುವ ಪಾಠವನ್ನು ಏಕರೂಪಗೊಳಿಸುವ ಅಗತ್ಯ ಕನ್ನಡಕ್ಕೆ ವಿಶೇಷವಾಗಿ ಇದೆ. ಹಳಗನ್ನಡದ ‘ಅಱಿ’ ಎಂದರೆ ತಿಳಿ. ‘ಅರಿ’ ಎಂದರೆ ಕತ್ತರಿಸು, ಸಂಸ್ಕೃತದ ‘ಅರಿ’ ಎಂದರೆ ಶತ್ರು. ‘ಅೞಿ’ ಎಂದರೆ ನಾಶವಾಗು. ‘ಅಳಿ’ ಎಂದರೆ ದುಂಬಿ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ ವಿವರಿಸಿದ್ದು ಈ ಭೇದಗಳು ಅರ್ಥನಿರ್ಣಾಯಕವಾದ್ದರಿಂದಲೇ. ಇಂದಿನ ಕೀಲಿಮಣೆಯಲ್ಲಿ ಈ ಅಕ್ಷರಗಳನ್ನು ಮೂಡಿಸಲಾರದ ಅಭ್ಯಾಸಿ ‘ಅರಿ’ ಎಂದೇ ಕೊಡುತ್ತಾನೆ. ಸೂಚಿಯಲ್ಲಿ ಱಕಾರವನ್ನು ರಕಾರಕ್ಕೂ ೞಕಾರವನ್ನು ಳಕಾರಕ್ಕೂ ಸಮೀಕರಿಸದಿದ್ದರೆ ಅವನಿಗೆ ‘ಅಱಿ’ ದೊರೆಯದು. ಸಮೀಕರಿಸಿದ್ದು ಮಾತ್ರವೇ ಉಳಿದರೆ ಭಾಷಾಚರಿತ್ರೆಯ ವಿದ್ಯಾರ್ಥಿಗೆ ಬೇಕಾದ ಭೇದ ಅಳಿಸಿಹೋಗುತ್ತದೆ. ಆದ್ದರಿಂದ ಒಂದೇ ಪಠ್ಯವನ್ನು ಎರಡು ಸೂಚಿಕ್ಷೇತ್ರಗಳಿಗೆ ಕಳುಹಿಸಬೇಕು: ಒಂದರಲ್ಲಿ ಸಮೀಕೃತ ರೂಪ, ಇನ್ನೊಂದರಲ್ಲಿ ಯಥಾರೂಪ. ಸೋಲರ್‌ನಲ್ಲಿ ಇದಕ್ಕೆ ‘ಕಾಪಿಫೀಲ್ಡ್’ ಎಂಬ ಸೌಲಭ್ಯವಿದೆ.

ಪಕಾರ ಹಕಾರಗಳ ವಿಷಯದಲ್ಲಿ ಹೀಗೆ ಅಕ್ಷರಕ್ಕೆ ಅಕ್ಷರವನ್ನು ಸಮೀಕರಿಸುವುದು ಸಲ್ಲದು. ‘ಪಾಲ್’ ಹಾಲಾಯಿತು, ‘ಪೋಗು’ ಹೋಗಾಯಿತು. ಆದರೆ ‘ಪತಿ’ ಹತಿಯಾಗಲಿಲ್ಲ. ಇಲ್ಲಿ ಬೇಕಾದುದು ಅಕ್ಷರನಿಯಮವಲ್ಲ, ವಿದ್ವಾಂಸರು ಪದಪದವಾಗಿ ಪರಿಶೀಲಿಸಿ ಸಿದ್ಧಪಡಿಸಿದ ಪರ್ಯಾಯಪದಗಳ ಪಟ್ಟಿ.

ಕಣ್ಣಿಗೆ ಕಾಣದ ಭೇದಗಳೂ ಉಂಟು. ಯೂನಿಕೋಡ್‌ನಲ್ಲಿ ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ‘ಸೂರ್ಯ’ ಎಂಬುದನ್ನು ಅರ್ಕಾವೊತ್ತಿನಿಂದ ಬರೆಯುವುದೂ, ರಕಾರದ ಕೆಳಗೆ ಯಕಾರದ ಒತ್ತು ಕೊಟ್ಟು ‘ಸೂರ‍್ಯ’ ಎಂದು ಬರೆಯುವುದೂ ರೂಢಿಯಲ್ಲಿವೆ. ಎರಡನೆಯದರಲ್ಲಿ ಅದೃಶ್ಯವಾದ ಒಂದು ಜೋಡಕ ಸಂಕೇತ ಅಡಗಿರುತ್ತದೆ. ಮೊದಲ ಬಗೆಯ ಭೇದವನ್ನು ಯೂನಿಕೋಡ್‌ನ ಸಾಮಾನ್ಯೀಕರಣ ವಿಧಾನ ಪರಿಹರಿಸುತ್ತದೆ. ಎರಡನೆಯದನ್ನು ಪರಿಹರಿಸುವುದಿಲ್ಲ, ಪ್ರತ್ಯೇಕ ನಿಯಮ ಬೇಕು. ೞಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫ’ ಎಂಬರ್ಥದ ತಪ್ಪು ಹೆಸರು ಉಳಿದುಬಂದಿದೆ. ಅಕ್ಷರದ ಹೆಸರನ್ನು ನಂಬಿ ನಿಯಮ ಬರೆಯುವವರು ಇದನ್ನು ಗಮನಿಸಬೇಕು.

ಪದ್ಯಗಳಲ್ಲಿ ಇನ್ನೊಂದು ತೊಡಕಿದೆ. ಕಂದದಲ್ಲಿ, ಷಟ್ಪದಿಯಲ್ಲಿ ಪದವು ಪಾದಾಂತ್ಯದಲ್ಲಿ ಮುರಿದು ಮುಂದಿನ ಪಾದಕ್ಕೆ ಸಾಗುವುದು ಸಾಮಾನ್ಯ. ‘ಧರಣಿಪತಿ’ ಎಂಬ ಪದ ಹೀಗೆ ಎರಡು ಸಾಲುಗಳಿಗೆ ಹಂಚಿಹೋದರೆ ಯಂತ್ರವು ಸಾಲಿನ ಕೊನೆಯನ್ನು ಪದದ ಕೊನೆಯೆಂದು ಭಾವಿಸಿ ‘ಧರ’, ‘ಣಿಪತಿ’ ಎಂಬ ಎರಡು ಪದಗಳನ್ನು ಸೂಚಿಗೆ ಸೇರಿಸುತ್ತದೆ. ಸಂಧಿಯ ತೊಡಕು ಇದಕ್ಕಿಂತ ಆಳವಾದುದು: ‘ಎಂದಱಿದು’ ಎಂಬಲ್ಲಿ ‘ಅಱಿದು’ ಅಡಗಿರುವುದು ಯಂತ್ರಕ್ಕೆ ತಿಳಿಯದು. ಇದಕ್ಕಾಗಿ ಪದಚ್ಛೇದ ಮಾಡಿದ ಪಾಠವನ್ನು ಮೂರನೆಯ ಸೂಚಿಕ್ಷೇತ್ರವಾಗಿ ಸೇರಿಸುವುದು ಉಚಿತ. ಪದಚ್ಛೇದ ಸಂಪಾದಕನ ವ್ಯಾಖ್ಯಾನವಾದ್ದರಿಂದ ಅದನ್ನು ಹುಡುಕಲು ಮಾತ್ರ ಬಳಸಬೇಕು, ತೋರಿಸಬಾರದು.

ತೋರುವ ಪಾಠದ ಮಹತ್ವ ಶಾಸನಗಳಲ್ಲಿ ಎದ್ದುಕಾಣುತ್ತದೆ. ಶಾಸನಸಂಪುಟಗಳಲ್ಲಿ ಸವೆದುಹೋದ, ಸಂದೇಹಾಸ್ಪದವಾದ ಅಕ್ಷರಗಳನ್ನು ಸಾಮಾನ್ಯವಾಗಿ ಚೌಕ ಕಂಸದೊಳಗೆ ಅಚ್ಚುಮಾಡುತ್ತಾರೆ. ‘ರಾ[ಜ್ಯಂ]ಗೆಯೆ’ ಎಂದಿದ್ದರೆ ನಡುವಿನ ಅಕ್ಷರಗಳು ಸಂಪಾದಕನ ಊಹೆಯನ್ನು ಅವಲಂಬಿಸಿವೆ ಎಂದರ್ಥ. ಕಂಸ ಉಳಿದರೆ ಯಂತ್ರ ಪದವನ್ನು ಅಲ್ಲಿ ಒಡೆಯುತ್ತದೆ. ಆದ್ದರಿಂದ ಪಠ್ಯವನ್ನು ಯಂತ್ರಕ್ಕೆ ಒಪ್ಪಿಸುವ ಮುನ್ನವೇ ಕಂಸಗಳನ್ನು ತೆಗೆದು ‘ಶುದ್ಧ’ಗೊಳಿಸಬೇಕೆಂದು ತೋರುವುದು ಸಹಜ. ಹಾಗೆ ಮಾಡಿದರೆ ಕಾಪಿಟ್ಟ ಪಾಠದಿಂದಲೂ ಕಂಸ ಮಾಯವಾಗಿ, ಊಹಿತ ಪಾಠ ಮುನ್ನೋಟದಲ್ಲಿ ಶಿಲಾಪಾಠವಾಗಿ ಮೆರೆಯುತ್ತದೆ. ಅದನ್ನು ದೂರದಲ್ಲಿ ಓದಿ ಉದ್ಧರಿಸುವವರಿಗೆ ಭೇದ ತಿಳಿಯುವ ಮಾರ್ಗವೇ ಇಲ್ಲ. ಸರಿಯಾದ ಕ್ರಮವೆಂದರೆ, ಕಂಸವನ್ನು ತೊಡೆಯುವ ನಿಯಮವನ್ನು ಸೂಚಿಕ್ಷೇತ್ರದ ವಿಶ್ಲೇಷಣೆಯ ಹಂತದಲ್ಲಿ ಇಡುವುದು. ಆ ಹಂತದಲ್ಲಿ ಯಂತ್ರವು ಪ್ರತಿ ಪದವೂ ಮೂಲಪಠ್ಯದ ಯಾವ ಸ್ಥಾನದಿಂದ ಯಾವ ಸ್ಥಾನದವರೆಗೆ ಇತ್ತೆಂಬುದನ್ನು ಗುರುತಿಟ್ಟುಕೊಳ್ಳಬಲ್ಲುದು. ಹೀಗಾಗಿ ‘ರಾಜ್ಯಂಗೆಯೆ’ ಎಂದು ಹುಡುಕಿದರೂ ಮುನ್ನೋಟದಲ್ಲಿ ಕಂಸಸಹಿತವಾದ ಪಾಠವೇ ಎದ್ದು ತೋರುತ್ತದೆ. ‘ಅರಿ’ ಎಂದು ಹುಡುಕಿದರೂ ‘ಅಱಿ’ ಎಂದೇ ಕಾಣುತ್ತದೆ.

ಮುನ್ನೋಟದ ಅಳತೆಯೂ ವಿಚಾರಾರ್ಹ. ‘ಸ್ತ್ರೀ’ ನಮಗೆ ಒಂದು ಅಕ್ಷರ; ಯೂನಿಕೋಡ್‌ನಲ್ಲಿ ಆರು ಸಂಕೇತಗಳು. ಸಂಕೇತಗಳನ್ನು ಎಣಿಸಿ ಕತ್ತರಿಸುವ ಮುನ್ನೋಟ ಅಕ್ಷರದ ನಡುವೆಯೇ ತುಂಡಾಗಬಹುದು. ಅರ್ಥ ತುಂಡಾಗುವುದು ಇನ್ನೂ ಅಪಾಯಕರ. ವಚನಗಳಲ್ಲಿ ಪರರ ಮಾತನ್ನು ಮೊದಲು ಹೇಳಿ ಅನಂತರ ಖಂಡಿಸುವುದುಂಟು. ಕರ್ತೃವನ್ನು ಸೂಚಿಸುವ ಅಂಕಿತ ಸಾಮಾನ್ಯವಾಗಿ ಕೊನೆಯಲ್ಲಿ ಬರುತ್ತದೆ. ಮೊದಲ ಎರಡು ಸಾಲುಗಳನ್ನಷ್ಟೇ ಕಂಡವರು ಪೂರ್ವಪಕ್ಷವನ್ನೇ ವಚನಕಾರನ ಸಿದ್ಧಾಂತವೆಂದು ಗ್ರಹಿಸಬಹುದು. ವಚನವಾದರೆ ಇಡೀ ವಚನ, ಕಾವ್ಯವಾದರೆ ಇಡೀ ಪದ್ಯ ಮುನ್ನೋಟದ ಘಟಕವಾಗಬೇಕು. ಕೃತಿ, ಕರ್ತೃ, ಆವೃತ್ತಿ, ಸಂಪುಟ, ಪದ್ಯಸಂಖ್ಯೆಗಳು ಪಠ್ಯದೊಳಗೆ ಬೆರೆಯದೆ ತಮ್ಮದೇ ಕ್ಷೇತ್ರಗಳಲ್ಲಿದ್ದು ಪ್ರತಿ ಫಲಿತದೊಡನೆಯೂ ಕಾಣಬೇಕು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ ಸಮಗ್ರ ವಚನ ಸಂಪುಟವು 1993ರಲ್ಲಿ 15 ಸಂಪುಟಗಳಾಗಿ ಪ್ರಕಟವಾಯಿತು. ಇದರಿಂದ ಉದ್ಧರಿಸುವಾಗ ಸಂಪುಟವನ್ನೂ ವಚನಸಂಖ್ಯೆಯನ್ನೂ ಹೇಳದ ಉದ್ಧರಣೆ ಪರಿಶೀಲನೆಗೆ ದಕ್ಕದು.

ಹೈದರಾಬಾದಿನಲ್ಲಿ ಕುಳಿತು ಈ ವಿಷಯವನ್ನು ಬರೆಯುವ ನಮಗೆ ಸಮೀಪದ ಒಂದು ನಿದರ್ಶನವಿದೆ. ಪಂಪನ ತಮ್ಮ ಜಿನವಲ್ಲಭನು ಹಾಕಿಸಿದ ಕುರ್ಕ್ಯಾಲದ ಶಾಸನ ತೆಲಂಗಾಣದ ಕರೀಂನಗರ ಜಿಲ್ಲೆಯಲ್ಲಿದೆ. ಹತ್ತನೆಯ ಶತಮಾನದ ಈ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಿವೆ. ಅಂದಿಗೆ ಕನ್ನಡ ತೆಲುಗುಗಳ ಲಿಪಿ ಬೇರ್ಪಟ್ಟಿರಲಿಲ್ಲ. ಯೂನಿಕೋಡ್‌ನಲ್ಲಿಯಾದರೋ ಅವು ಬೇರೆ ಬೇರೆ: ತೆಲುಗಿನ ಕಕಾರಕ್ಕೂ ಕನ್ನಡದ ಕಕಾರಕ್ಕೂ ನಡುವೆ 128 ಸ್ಥಾನಗಳ ಅಂತರವಿದೆ. ಬಂಡೆಯ ಮೇಲೆ ಒಂದೇ ಆಗಿದ್ದ ಅಕ್ಷರವನ್ನು ಸಂಪಾದಕ ಎರಡರಲ್ಲೊಂದು ಲಿಪಿಗೆ ಸೇರಿಸಲೇಬೇಕು. ತೆಲುಗು ಭಾಗವನ್ನು ತೆಲುಗಿನಲ್ಲಿ ಅಚ್ಚಿಸಿದರೆ ಕನ್ನಡದಲ್ಲಿ ‘ಜಿನ’ ಎಂದು ಹುಡುಕುವವರಿಗೆ ಅದು ಇಲ್ಲವೇ ಇಲ್ಲ. ಭಾಷೆಗೊಂದು ಕ್ಷೇತ್ರ, ಮೂರೂ ಭಾಗಗಳನ್ನು ಒಂದೇ ಲಿಪಿಗೆ ತಂದ ಸೂಚಿಕ್ಷೇತ್ರವೊಂದು, ಸಂಪಾದಿತ ಪಾಠವನ್ನು ಇದ್ದಂತೆ ಕಾಪಿಟ್ಟ ಕ್ಷೇತ್ರವೊಂದು—ಹೀಗೆ ಏರ್ಪಡಿಸಿದರೆ ಮಾತ್ರ ಮೂರು ಭಾಷೆಗಳ ಅಭ್ಯಾಸಿಗಳೂ ಒಂದೇ ಬಂಡೆಯ ಬಳಿ ಬಂದು ಸೇರಬಲ್ಲರು.

ಶೋಧವ್ಯವಸ್ಥೆಯನ್ನು ಬಳಸುವ ಸಂಶೋಧಕರು ಈ ಹಿನ್ನೆಲೆಯಲ್ಲಿ ಕೆಲವು ಪರೀಕ್ಷೆಗಳನ್ನು ತಾವೇ ಮಾಡಬಹುದು. ಱ, ೞಗಳಿರುವ ಪದವೊಂದನ್ನು ಎರಡು ಬಗೆಯಲ್ಲಿಯೂ ಕೊಟ್ಟು ಫಲಿತಗಳನ್ನು ಹೋಲಿಸಬೇಕು. ಮುದ್ರಿತ ಪ್ರತಿಯಲ್ಲಿ ಪಾದಾಂತ್ಯದಲ್ಲಿ ಮುರಿದಿರುವ ಪದವೊಂದನ್ನು ಹುಡುಕಿ ನೋಡಬೇಕು. ಕಂಸವಿರುವ ಶಾಸನಪಂಕ್ತಿಯೊಂದು ಮುನ್ನೋಟದಲ್ಲಿ ಹೇಗೆ ಕಾಣುತ್ತದೆಂದು ಗಮನಿಸಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅಂಥ ವ್ಯವಸ್ಥೆಯಲ್ಲಿ ‘ದೊರೆಯಲಿಲ್ಲ’ ಎಂಬ ಉತ್ತರವನ್ನು ‘ಪ್ರಯೋಗವಿಲ್ಲ’ ಎಂದು ಓದಲಾಗದು. ಹುಡುಕುವ ಪಾಠದಲ್ಲಿ ಔದಾರ್ಯವಿರಲಿ, ತೋರುವ ಪಾಠದಲ್ಲಿ ನಿಷ್ಠೆಯಿರಲಿ ಎಂಬುದೇ ನಮ್ಮ ಸೂಚನೆಯ ಸಾರ. ಇವೆರಡನ್ನು ಒಂದೇ ಕ್ಷೇತ್ರದಲ್ಲಿ ಬೆರೆಸಿದರೆ, ಹುಡುಕುವವರಿಗೆ ಪದ ತಪ್ಪಿಹೋಗುತ್ತದೆ ಅಥವಾ ಓದುವವರಿಗೆ ಪಾಠ ತಪ್ಪಿಹೋಗುತ್ತದೆ.