ಬಾಗಿಲಲ್ಲಿ ನಿಂತವರ ವಿಮಾನ

ಮಳೆಯಲ್ಲಿ ಡಕೋಟಾ ಹಾರಿಸಿದವರ ತೊಡೆ ಒದ್ದೆಯಾಗದೆ ಇರುತ್ತಿರಲಿಲ್ಲ. ಮುಂಗಾಜಿನ ಅಂಚಿನಿಂದ ಜಿನುಗಿದ ನೀರು ಮೊದಲು ಮೊಣಕಾಲಿಗೆ, ಆಮೇಲೆ ತೊಡೆಯ ಮೇಲೆ ಹರಡಿಕೊಂಡ ನಕ್ಷೆಗೆ ಇಳಿಯುತ್ತಿತ್ತು. ಈ ವಿಮಾನದ ಜೊತೆ ದುಡಿದ ಹಳಬರನ್ನು ಮಾತಿಗೆ ಎಳೆದರೆ ಮೊದಲು ಬರುವುದು ಇಂಥ ದೂರುಗಳೇ. ಸೋರುವ ಗಾಜು, ಮೂಳೆ ಕೊರೆಯುವ ಚಳಿ, ಕಿವಿ ಗಡಚಿಕ್ಕುವ ಸದ್ದು, ಎಂಜಿನ್ನಿನಿಂದ ಸದಾ ತೊಟ್ಟಿಕ್ಕುವ ಆಯಿಲ್. ದೂರು ಮುಗಿಯುವ ಹೊತ್ತಿಗೆ ಮಾತ್ರ ಅವರ ಮುಖ ಅರಳಿರುತ್ತದೆ. ತಮ್ಮ ಬಾಯಲ್ಲಿ 'ಡ್ಯಾಕ್' ಆಗಿದ್ದ ಆ ವಿಮಾನವನ್ನು ಇನ್ನೊಬ್ಬರು ಬೈದರೆ ಅವರು ಸಹಿಸುವುದಿಲ್ಲ.

ಆಗಸದಲ್ಲಿ ಮೆರೆದ ಯುದ್ಧವಿಮಾನಗಳ ಕಥೆ ಎಲ್ಲರಿಗೂ ಗೊತ್ತು. ಆ ಕಥೆಯಲ್ಲಿ ಹೆಚ್ಚಾಗಿ ಒಬ್ಬ ಪೈಲಟ್ ಇರುತ್ತಾನೆ. ಸಾಗಣೆ ವಿಮಾನದ ನೆನಪು ಹತ್ತಾರು ಕೈಗಳಿಗೆ ಸೇರಿದ್ದು. ಹಾರಿಸಿದವರು, ದಾರಿ ಲೆಕ್ಕ ಹಾಕಿದ ನ್ಯಾವಿಗೇಟರ್, ರೇಡಿಯೊಗೆ ಕಿವಿಗೊಟ್ಟು ಕೂತ ಸಿಗ್ನಲರ್, ರಾತ್ರಿಯೆಲ್ಲ ಎಂಜಿನ್ ಬಿಚ್ಚಿ ಜೋಡಿಸಿದ ಫಿಟ್ಟರ್, ತೆರೆದ ಬಾಗಿಲಲ್ಲಿ ಕೂತು ಅಕ್ಕಿ ಮೂಟೆಯನ್ನು ಕಾಲಿನಿಂದ ಒದ್ದ ಸೇನೆಯ ಸಿಬ್ಬಂದಿ, ಆ ಮೂಟೆಗಾಗಿ ಕಣಿವೆಯಲ್ಲಿ ಕತ್ತೆತ್ತಿ ನಿಂತ ಸೈನಿಕ, ಎಲ್ಲರಿಗೂ ಅದು ತಮ್ಮ ವಿಮಾನವೇ. ಭಾರತೀಯ ವಾಯುಪಡೆಯಲ್ಲಿ ಇಷ್ಟು ಜನರ ಪ್ರೀತಿಯನ್ನು ಗಳಿಸಿದ ಇನ್ನೊಂದು ವಿಮಾನ ಇರಲಾರದು ಎಂದೇ ನನ್ನ ನಂಬಿಕೆ.

ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ-3 ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು, ಪ್ರಯಾಣಿಕರಿಗಾಗಿ. ಎರಡನೇ ಮಹಾಯುದ್ಧ ಬಂದಾಗ ಅದರ ನೆಲವನ್ನು ಗಟ್ಟಿ ಮಾಡಿ, ಎಡಮಗ್ಗುಲಿಗೆ ಸರಕಿನ ದೊಡ್ಡ ಬಾಗಿಲು ಇಟ್ಟು ಸಿ-47 ಎಂದು ಹೆಸರಿಟ್ಟರು. ಬ್ರಿಟಿಷರು ಅದನ್ನೇ ಡಕೋಟಾ ಎಂದರು. ಈ ಸೇನಾ ಮಾದರಿ ಹತ್ತು ಸಾವಿರಕ್ಕೂ ಹೆಚ್ಚು ತಯಾರಾಯಿತು. ರೆಕ್ಕೆಯ ತುದಿಯಿಂದ ತುದಿಗೆ 95 ಅಡಿ, ಎರಡು ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್, ಒಂದೊಂದಕ್ಕೂ 14 ಸಿಲಿಂಡರ್, 1200 ಅಶ್ವಶಕ್ತಿ. ಹಿಂದೆ ಒಂದು ಪುಟ್ಟ ಚಕ್ರ. ಹಾಗಾಗಿ ನೆಲದ ಮೇಲೆ ನಿಂತಾಗ ಮೂತಿ ಆಕಾಶಕ್ಕೆ, ಬಾಲ ನೆಲಕ್ಕೆ. ಬಾಗಿಲು ಇರುವುದು ಬಾಲದ ಕಡೆ. ಮೂಟೆ ಹೊತ್ತವನು ಒಳಗೆ ಕಾಲಿಟ್ಟ ಕೂಡಲೇ ಏರು ಹತ್ತಬೇಕು. ಭಾರವೆಲ್ಲ ಸರಿಯಾದ ಜಾಗದಲ್ಲಿ ಕೂರಬೇಕಾದರೆ ಕಾಕ್‌ಪಿಟ್ ಕಡೆಗೆ ಮೂಟೆ ಮೇಲೆ ಮೂಟೆ ಎಳೆದುಕೊಂಡು ಹೋಗಬೇಕು. ಲೋಡಿಂಗ್ ಮಾಡಿದವರ ಸೊಂಟ ಆ ಇಳಿಜಾರನ್ನು ಇವತ್ತಿಗೂ ಮರೆತಿಲ್ಲ.

ಬೆಂಗಳೂರಿಗೂ ಡಕೋಟಾಗೂ ನಂಟು ಹಳೆಯದು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ 1940ರಲ್ಲಿ ಆರಂಭಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಇಂದಿನ ಎಚ್‌ಎಎಲ್, 1943ರಲ್ಲಿ ಅಮೆರಿಕ ಸೇನೆಯ ಉಸ್ತುವಾರಿಗೆ ಹೋಯಿತು. ಬರ್ಮಾ ಗಡಿಯಲ್ಲಿ, ಚೀನಾಕ್ಕೆ ಹಿಮಾಲಯ ದಾಟುವ ದಾರಿಯಲ್ಲಿ ಹಾರಿ ಸವೆದ ಸಾಗಣೆ ವಿಮಾನಗಳು ಇಲ್ಲಿಗೆ ಬಂದು, ಎಂಜಿನ್ ಬಿಚ್ಚಿಸಿಕೊಂಡು, ಹೊಸದಾಗಿ ಹೊರಡುತ್ತಿದ್ದವು. ಯುದ್ಧ ಮುಗಿದ ಮೇಲೆ ಉಳಿದ ಸೇನಾ ಡಕೋಟಾಗಳಿಗೆ ಸೀಟು ಹಾಕಿ ಪ್ರಯಾಣಿಕರ ವಿಮಾನಗಳನ್ನಾಗಿ ಮಾರ್ಪಡಿಸಿದ್ದೂ ಇದೇ ಕಾರ್ಖಾನೆ. ಬೆಂಗಳೂರಿನ ಒಂದು ತಲೆಮಾರಿನ ಕೆಲಸಗಾರರು ವಿಮಾನದ ಕೆಲಸ ಕಲಿತದ್ದು ಇಂಥ ಯಂತ್ರಗಳ ಮೇಲೆ. ಇನ್ನು ಜಾಲಹಳ್ಳಿಯ ವಾಯುಪಡೆ ಶಾಲೆಗಳಲ್ಲಿ ಕಸುಬು ಕಲಿತು ಜೋರ್ಹಾಟ್‌ಗೋ ಶ್ರೀನಗರಕ್ಕೋ ರೈಲು ಹತ್ತಿದ ಹುಡುಗರು ಎಷ್ಟೋ ಮಂದಿ. 1962ರ ಚೀನಾ ಯುದ್ಧದ ಮರುವರ್ಷ ಯಲಹಂಕದಲ್ಲಿ ವಾಯುಪಡೆ ನಿಲ್ದಾಣ ತಲೆಯೆತ್ತಿದ್ದು ಸಾಗಣೆ ವಿಮಾನಗಳ ಪೈಲಟ್‌ಗಳಿಗೆ ತರಬೇತಿ ಕೊಡುವುದಕ್ಕೇ.

ಫಿಟ್ಟರ್‌ಗಳ ನೆನಪು ಬೆಳಗಿನ ಜಾವದಿಂದ ಶುರುವಾಗುತ್ತದೆ. ಸಿಲಿಂಡರ್‌ಗಳು ವೃತ್ತಾಕಾರದಲ್ಲಿ ಜೋಡಿಸಿದ ಎಂಜಿನ್ ರಾತ್ರಿಯೆಲ್ಲ ನಿಂತರೆ ಆಯಿಲ್ ಇಳಿದು ಕೆಳಗಿನ ಸಿಲಿಂಡರ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಹಾಗೇ ಸ್ಟಾರ್ಟ್ ಮಾಡಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ ಹಾಳು. ಅದಕ್ಕೇ ಮೊದಲು ಇಬ್ಬರು ಮೂವರು ಸೇರಿ ಪ್ರೊಪೆಲ್ಲರ್‌ನ ಅಲಗನ್ನು ಒಂದಾದಮೇಲೊಂದರಂತೆ ಕೈಯಲ್ಲೇ ತಿರುಗಿಸಬೇಕು. ಎಲ್ಲೋ ಬಿಗಿಯಾಯಿತೆಂದು ಅನಿಸಿದರೆ ಬಲ ಹಾಕುವಂತಿಲ್ಲ. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಆಯಿಲ್ ಇಳಿಸಬೇಕು. ಅಸ್ಸಾಮಿನ ಡಿಸೆಂಬರ್ ಮಂಜಿನಲ್ಲಿ, ಬೆರಳು ಮರಗಟ್ಟಿದ ಕೈಯಲ್ಲಿ ಈ ಕೆಲಸ. ಆಮೇಲೆ ಸ್ಟಾರ್ಟರ್ ಗುಂಯ್ಗುಟ್ಟಿ, ಎಂಜಿನ್ ಒಂದೆರಡು ಸಲ ಕೆಮ್ಮಿ, ನೀಲಿ ಹೊಗೆಯ ಮೋಡ ಉಗುಳಿ, ಸಿಲಿಂಡರ್ ಒಂದೊಂದಾಗಿ ಹತ್ತಿಕೊಂಡು ಸದ್ದು ಸಮನಾಗುವುದು. ಆ ಸದ್ದು ಕೇಳಿಯೇ ಯಾವ ಸಿಲಿಂಡರ್ ಮುನಿಸಿಕೊಂಡಿದೆ ಎಂದು ಹೇಳಬಲ್ಲ ಹಿರಿಯ ಫಿಟ್ಟರ್‌ಗೆ ಸ್ಕ್ವಾಡ್ರನ್ನಿನಲ್ಲಿ ಅಧಿಕಾರಿಗಳೂ ಗೌರವ ಕೊಡುತ್ತಿದ್ದರು. ಅಂಥ ಕಿವಿ ಪುಸ್ತಕದಿಂದ ಬರುವುದಿಲ್ಲ.

ವಾಯುಪಡೆಯ 12ನೇ ಸ್ಕ್ವಾಡ್ರನ್ ಡಕೋಟಾಗಳನ್ನು ಪಡೆದದ್ದು 1946ರಲ್ಲಿ. ಮರುವರ್ಷವೇ ಕಾಶ್ಮೀರದ ಮೇಲೆ ದಾಳಿಯಾಗಿ ಪರೀಕ್ಷೆ ಎದುರಾಯಿತು. 1947ರ ಅಕ್ಟೋಬರ್ 27ರ ಬೆಳಿಗ್ಗೆ ದೆಹಲಿಯಿಂದ ಒಂದನೇ ಸಿಖ್ ಬೆಟಾಲಿಯನ್ನಿನ ಸೈನಿಕರನ್ನು ತುಂಬಿಕೊಂಡು ಡಕೋಟಾಗಳು ಶ್ರೀನಗರದ ಕಡೆಗೆ ಹೊರಟಾಗ ಅಲ್ಲಿಯ ಏರ್‌ಫೀಲ್ಡ್ ಯಾರ ಕೈಯಲ್ಲಿದೆ ಎಂಬುದೇ ಖಚಿತವಿರಲಿಲ್ಲ. ಮೇಲೆ ಸುತ್ತು ಹಾಕಿ ನೋಡಿ, ವೈರಿಗಳಿದ್ದರೆ ಜಮ್ಮುವಿಗೆ ತಿರುಗಿ ಎಂಬುದು ಅವರಿಗೆ ಸಿಕ್ಕಿದ್ದ ಅಪ್ಪಣೆ. ಇಳಿದರು. ಬೆಟಾಲಿಯನ್ನಿನ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅಲ್ಲಿಯ ಕಾಳಗದಲ್ಲಿ ಪ್ರಾಣ ಕೊಟ್ಟರು. ಮುಂದಿನ ದಿನಗಳಲ್ಲಿ ಖಾಸಗಿ ವಿಮಾನ ಸಂಸ್ಥೆಗಳ ಡಕೋಟಾಗಳೂ ಇದೇ ದಾರಿಯಲ್ಲಿ ಸೈನಿಕರನ್ನು ಹೊತ್ತವು. ಶ್ರೀನಗರ ಉಳಿಯಿತು.

ಅದೇ ಯುದ್ಧದಲ್ಲಿ ಪೂಂಛ್ ಊರಿನ ಮುತ್ತಿಗೆ ಒಂದು ವರ್ಷ ನಡೆಯಿತು. ಊರಿನಲ್ಲಿ ಸೈನಿಕರ ಜೊತೆ ಸಾವಿರಾರು ನಿರಾಶ್ರಿತರು. ಅವರೆಲ್ಲ ಸೇರಿ ಕೈಯಾರೆ ಸಮ ಮಾಡಿದ ಪುಟ್ಟ ರನ್‌ವೇ ಮೇಲೆ ಮೊದಲ ಡಕೋಟಾ ಇಳಿಸಿದವರು ಏರ್ ಕಮೋಡೋರ್ ಮೆಹರ್ ಸಿಂಗ್. ವಾಯುಪಡೆಯ ಮಂದಿ ಅಭಿಮಾನದಿಂದ 'ಮೆಹರ್ ಬಾಬಾ' ಎನ್ನುತ್ತಿದ್ದರು. ಒಳಗೆ ಬರುವಾಗ ಮದ್ದುಗುಂಡು, ಹೊರಗೆ ಹೋಗುವಾಗ ಗಾಯಾಳುಗಳು ಮತ್ತು ನಿರಾಶ್ರಿತರು. ಸಾಲದ್ದಕ್ಕೆ, ಸರಕಿನ ಬಾಗಿಲಿನಿಂದ ಬಾಂಬುಗಳನ್ನು ಕೈಯಲ್ಲೇ ಉರುಳಿಸಿ ಡಕೋಟಾವನ್ನು ಬಾಂಬರ್ ಆಗಿಯೂ ದುಡಿಸಿದರು.

ಲೇಹ್ ಹಾರಾಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 1948ರ ಮೇ 24. ವಿಮಾನ ನಡೆಸಿದವರು ಮೆಹರ್ ಸಿಂಗ್. ಜೊತೆಗೆ ಕೂತವರು ನಮ್ಮ ಕೊಡಗಿನ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಲಡಾಖ್ ಕೈತಪ್ಪುವ ಸ್ಥಿತಿಯಲ್ಲಿತ್ತು. ರಸ್ತೆ ಮುಚ್ಚಿತ್ತು. ಲಡಾಖಿನವರೇ ಆದ ಎಂಜಿನಿಯರ್ ಸೋನಂ ನೋರ್ಬು ಸ್ಥಳೀಯರ ಶ್ರಮದಿಂದ ಲೇಹ್‌ನಲ್ಲಿ ಒಂದು ರನ್‌ವೇ ಸಿದ್ಧಮಾಡಿದ್ದರು, ಸುಮಾರು 10,700 ಅಡಿ ಎತ್ತರದಲ್ಲಿ. ಅಲ್ಲಿಯ ಗಾಳಿ ಸಮುದ್ರಮಟ್ಟದ್ದಕ್ಕಿಂತ ಮೂರನೇ ಒಂದು ಭಾಗದಷ್ಟು ತೆಳು. ಎಂಜಿನ್ನಿಗೂ ಉಸಿರು ಸಾಲದು, ರೆಕ್ಕೆಗೂ ಆಸರೆ ಸಾಲದು. ಅದೇ ಭಾರಕ್ಕೆ ಇಳಿಯುವ ವೇಗ ಹೆಚ್ಚುತ್ತದೆ, ಏರಲು ಬೇಕಾದ ಓಟ ಉದ್ದವಾಗುತ್ತದೆ. ದಾರಿಗೆ ಭರವಸೆಯ ನಕ್ಷೆ ಇಲ್ಲ. ಒಳಗಿನ ಗಾಳಿಯ ಒತ್ತಡ ಕಾಪಾಡುವ ವ್ಯವಸ್ಥೆ ಡಕೋಟಾದಲ್ಲಿ ಇಲ್ಲವೇ ಇಲ್ಲ. ಹಿಮಶಿಖರಗಳ ನಡುವೆ ಹಾದಿ ಹುಡುಕುತ್ತ ಅವರು ಇಳಿದರು. ಕೆಲವೇ ದಿನಗಳಲ್ಲಿ ಗೂರ್ಖಾ ಸೈನಿಕರು ಅದೇ ದಾರಿಯಲ್ಲಿ ಬಂದಿಳಿದು ಲೇಹ್ ಉಳಿಯಿತು. ತಾನು ಕಳಿಸಲಿರುವ ಸೈನಿಕರು ಹಾರಬೇಕಾದ ದಾರಿಯಲ್ಲಿ ಮೊದಲು ತಾನು ಹೋಗಿ ಬರಬೇಕೆಂದ ತಿಮ್ಮಯ್ಯನವರ ನಡೆಯನ್ನು ಕೊಡಗಿನ ಮನೆಗಳಲ್ಲಿ ಇವತ್ತಿಗೂ ಮಕ್ಕಳಿಗೆ ಹೇಳುವುದು ನ್ಯಾಯವೇ. ಮೆಹರ್ ಸಿಂಗ್ ಅವರಿಗೆ ಮಹಾವೀರ ಚಕ್ರ ಬಂತು.

ಆದರೆ ನಿವೃತ್ತರ ಮಾತು ಇಂಥ ದೊಡ್ಡ ದಿನಗಳ ಸುತ್ತ ಬಹಳ ಹೊತ್ತು ನಿಲ್ಲುವುದಿಲ್ಲ. ಅದು ಈಶಾನ್ಯಕ್ಕೆ ಹೊರಳುತ್ತದೆ. ಜೋರ್ಹಾಟ್, ಮೋಹನ್‌ಬಾರಿ. ಅಲ್ಲಿಂದ ಆಗಿನ ನೇಫಾದ, ಅಂದರೆ ಇಂದಿನ ಅರುಣಾಚಲದ, ಸಿಯಾಂಗ್, ಸುಬನ್‌ಸಿರಿ, ಲೋಹಿತ್ ಕಣಿವೆಗಳು. ಅಸ್ಸಾಂ ರೈಫಲ್ಸ್‌ನ ಠಾಣೆಗಳಿಗೆ, ಸರ್ಕಾರಿ ಕಚೇರಿಗಳಿಗೆ ರಸ್ತೆಯೇ ಇಲ್ಲದ ಕಾಲ. ಕಾಲ್ನಡೆಯಲ್ಲಿ ದಿನಗಟ್ಟಲೆ ದೂರ. ಅಕ್ಕಿ, ಬೇಳೆ, ಉಪ್ಪು, ಸೀಮೆಎಣ್ಣೆ, ಔಷಧಿ, ಕಾಗದಪತ್ರ ಎಲ್ಲವೂ ಆಕಾಶದಿಂದಲೇ ಬೀಳಬೇಕು. ಇದಕ್ಕೆ ಸಪ್ಲೈ ಡ್ರಾಪಿಂಗ್ ಎಂದು ಹೆಸರು. ವರ್ಷವಿಡೀ ನಡೆದ, ಯಾವ ಪದಕಕ್ಕೂ ಕಾಯದ ಕೆಲಸ.

ಅದೊಂದು ಪಕ್ಕಾ ಕಸುಬು. ಅಕ್ಕಿ, ಉಪ್ಪಿನಂಥ ಗಟ್ಟಿ ಸಾಮಾನಿಗೆ ಪ್ಯಾರಾಚೂಟ್ ದಂಡ. ಅವನ್ನು ಹಾಗೇ ಉದುರಿಸಬೇಕು. ಗೋಣಿಚೀಲವನ್ನು ಬಾಯಿಮಟ್ಟ ತುಂಬದೆ ಸಡಿಲ ಬಿಟ್ಟು ಹೊಲಿದು, ಅದನ್ನು ಇನ್ನೊಂದು ದೊಡ್ಡ ಚೀಲದೊಳಗೆ ಇಟ್ಟು ಮತ್ತೆ ಹೊಲಿಯುವುದು. ನೆಲಕ್ಕೆ ಬಡಿದಾಗ ಒಳಚೀಲ ಒಡೆದರೂ ಹೊರಚೀಲ ಕಾಳನ್ನು ಹಿಡಿದುಕೊಳ್ಳುತ್ತದೆ. ಸೀಮೆಎಣ್ಣೆ, ಮದ್ದುಗುಂಡು, ಔಷಧಿಗೆ ಮಾತ್ರ ಪ್ಯಾರಾಚೂಟ್. ಬಾಗಿಲನ್ನು ಮೊದಲೇ ಕಳಚಿಟ್ಟು ಹಾರುವುದರಿಂದ ದಾರಿಯುದ್ದಕ್ಕೂ ಹಿಮಗಾಳಿ ಒಳಗೆ ನುಗ್ಗುತ್ತದೆ. ಸೇನೆಯ ಸರ್ವಿಸ್ ಕೋರ್‌ನ ಮಂದಿ ಬಾಗಿಲ ಬಳಿ ಮೂಟೆ ಒಟ್ಟಿಕೊಂಡು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಬೆನ್ನು ಒಳಗೋಡೆಗೆ ಆನಿಸಿ, ಕಾಲು ಮೂಟೆಗೆ ಒತ್ತಿ ಕಾಯುತ್ತಾರೆ. ಕೆಳಗೆ ಹಸಿರಿನ ನಡುವೆ ಬಿಳಿ ಬಟ್ಟೆ ಹಾಸಿ ಮಾಡಿದ ಗುರುತು, ಗಾಳಿ ಯಾವ ಕಡೆ ಎಂದು ತೋರಿಸಲು ಒಂದು ಹೊಗೆ. ಪೈಲಟ್ ಸರಿಯಾದ ಕ್ಷಣಕ್ಕೆ ಗಂಟೆ ಒತ್ತುತ್ತಾನೆ. ಒದೆ! ಮೂರೋ ನಾಲ್ಕೋ ಮೂಟೆ ಹೋಗುವಷ್ಟರಲ್ಲಿ ಗುರುತು ಹಿಂದೆ ಸರಿದಿರುತ್ತದೆ. ಮತ್ತೆ ಸುತ್ತಬೇಕು.

ಆ ಸುತ್ತಿನಲ್ಲೇ ಎದೆ ನಡುಗುವುದು. ಕಣಿವೆ ಮುಂದೆ ಕಿರಿದಾಗುತ್ತ ಹೋಗುತ್ತದೆ. ಎದುರಿನ ಗುಡ್ಡವನ್ನು ಹತ್ತಿ ದಾಟುವ ಶಕ್ತಿ, ಭಾರ ಹೊತ್ತ ಡಕೋಟಾಕ್ಕಿಲ್ಲ. ಎಲ್ಲಿ ತಿರುಗಬೇಕೆಂಬುದು ಪೈಲಟ್‌ನ ತಲೆಯಲ್ಲಿ ಮೊದಲೇ ಇರಬೇಕು. ಆ ಜಾಗ ತಪ್ಪಿದರೆ ಮುಂದೆ ತಿರುಗಲು ಜಾಗವೇ ಇಲ್ಲ. ಬೆಳಿಗ್ಗೆ ತಿಳಿಯಾಗಿದ್ದ ಕಣಿವೆಗೆ ಮಧ್ಯಾಹ್ನದೊಳಗೆ ಮೋಡ ಮುಚ್ಚುತ್ತದೆ. ಬಂದ ದಾರಿ ಕಾಣದಂತಾಗುತ್ತದೆ. ಹೊಸ ಪೈಲಟ್‌ಗೆ ಹಿರಿಯರು ಕಣಿವೆಗಳನ್ನು ಒಂದೊಂದಾಗಿ ತೋರಿಸಿ ಪರಿಚಯ ಮಾಡಿಸುತ್ತಿದ್ದರು, ಯಾವ ಬಂಡೆ, ಯಾವ ಜಲಪಾತ, ಯಾವ ತಿರುವು ಎಂದು. ಎಲ್ಲ ಕಲಿತರೂ ಬೆಳಿಗ್ಗೆ ಹೋದ ಕೆಲವರು ಊಟದ ಹೊತ್ತಿಗೆ ಮೆಸ್ಸಿಗೆ ಬರಲಿಲ್ಲ. ಪ್ರೀತಿಯಿಂದ ಹೇಳುವ ಈ ನೆನಪುಗಳ ಒಳಗೆ ಆ ಖಾಲಿ ಕುರ್ಚಿಗಳೂ ಇವೆ. ಅವನ್ನು ಬಿಟ್ಟು ಡಕೋಟಾದ ಕಥೆ ಹೇಳುವುದು ಸರಿಯಲ್ಲ. ಡಕೋಟಾದ ಬದಲಿಗೆ ಬಂದ ಎಎನ್-32 ವಿಮಾನವೊಂದು 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಮೆಚುಕಾಕ್ಕೆ ಹೊರಟು ಅದೇ ಬೆಟ್ಟಗಳಲ್ಲಿ 13 ಜನರೊಡನೆ ಕಳೆದುಹೋಯಿತು. ಎಂಜಿನ್ ಬಲವಾಗಿದೆ, ಉಪಕರಣ ಸುಧಾರಿಸಿದೆ. ಬೆಟ್ಟ ಮಾತ್ರ ಹಾಗೇ ಇದೆ.

ಮೂಟೆ ಒದ್ದವರಿಗೆ ಕೆಳಗಿದ್ದವರ ಮುಖ ಕಾಣುತ್ತಿರಲಿಲ್ಲ. ಕೆಳಗಿದ್ದವರಿಗೂ ಮೇಲಿನವರ ಹೆಸರು ಗೊತ್ತಿರಲಿಲ್ಲ. ಆದರೂ ವರ್ಷಗಳ ಮೇಲೆ ಯಾವುದೋ ರೈಲಿನಲ್ಲಿ, ಯಾವುದೋ ಸೇನಾ ಆಸ್ಪತ್ರೆಯ ಸಾಲಿನಲ್ಲಿ ಭೇಟಿಯಾದಾಗ ಠಾಣೆಯ ಹೆಸರೊಂದೇ ಸಾಕು, ಇಬ್ಬರೂ ಬಂಧುಗಳಾಗುತ್ತಾರೆ. ಎಂಜಿನ್ ಸದ್ದು ಕೇಳಿದ ದಿನವೇ ನಮಗೆ ಹಬ್ಬ ಎಂದು ಕಾಲಾಳುಗಳು ಹೇಳುವ ಮಾತನ್ನು ಡಕೋಟಾದವರು ಪದಕದಂತೆ ಕಾಪಾಡಿಕೊಂಡಿದ್ದಾರೆ.

1971ರ ಡಿಸೆಂಬರ್ 11ರ ಸಂಜೆ ಈಗಿನ ಬಾಂಗ್ಲಾದೇಶದ ತಂಗೈಲ್ ಬಳಿ ಎರಡನೇ ಪ್ಯಾರಾ ಬೆಟಾಲಿಯನ್ ಆಕಾಶದಿಂದ ಇಳಿದಾಗ ಎಎನ್-12, ಪ್ಯಾಕೆಟ್, ಕ್ಯಾರಿಬು ವಿಮಾನಗಳ ಜೊತೆ ಡಕೋಟಾಗಳೂ ಇದ್ದವು. ಜೋಧ್‌ಪುರದ ಮಹಾರಾಜರು ಕೊಟ್ಟ ಡಕೋಟಾವೊಂದು ಅದೇ ವರ್ಷ ದಿಮಾಪುರದಲ್ಲಿ ಹುಟ್ಟಿದ ಬಾಂಗ್ಲಾ ವಾಯುಪಡೆಯ ಮೊದಲ ಮೂರು ವಿಮಾನಗಳಲ್ಲಿ ಒಂದಾಯಿತು. 1980ರ ದಶಕದಲ್ಲಿ ಭಾರತೀಯ ವಾಯುಪಡೆಯಲ್ಲಿ ಡಕೋಟಾಗಳ ಸೇವೆ ಮುಗಿಯಿತು.

ಹಾಗೆ ಮುಗಿದ ಕಥೆಗೆ ಇನ್ನೊಂದು ಅಧ್ಯಾಯ ಸೇರಿಸಿದ್ದು ಒಬ್ಬ ಮಗನ ಆಸೆ. ಆಗ ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರ ತಂದೆ ಏರ್ ಕಮೋಡೋರ್ ಎಂ.ಕೆ. ಚಂದ್ರಶೇಖರ್ ಡಕೋಟಾ ಹಾರಿಸಿದವರು. 1944ರಲ್ಲಿ ತಯಾರಾಗಿ ಐರ್ಲೆಂಡಿನಲ್ಲಿ ಗುಜರಿಯ ದಾರಿ ಹಿಡಿದಿದ್ದ ಒಂದು ಡಕೋಟಾವನ್ನು ಮಗ ಕೊಂಡು, ಬ್ರಿಟನ್ನಿನಲ್ಲಿ ಹಲವು ವರ್ಷ ದುರಸ್ತಿ ಮಾಡಿಸಿ, 2018ರಲ್ಲಿ ವಾಯುಪಡೆಗೆ ಉಡುಗೊರೆ ಕೊಟ್ಟರು. ಅದಕ್ಕೆ 'ಪರಶುರಾಮ' ಎಂದು ಹೆಸರಾಯಿತು. ಬಾಲದ ಮೇಲೆ ಬರೆದ ಸಂಖ್ಯೆ ವಿಪಿ 905, 1947ರಲ್ಲಿ ಶ್ರೀನಗರಕ್ಕೆ ಹೋದ ಮೊದಲ ಡಕೋಟಾದ್ದು. ಅದು ಹಡಗಿನಲ್ಲಿ ಬರಲಿಲ್ಲ. ಇಂಗ್ಲೆಂಡಿನಿಂದ ಏಪ್ರಿಲ್‌ನಲ್ಲಿ ಹೊರಟು, ಯುರೋಪ್ ಮತ್ತು ಅರಬ್ ನಾಡುಗಳ ಮೇಲೆ ಅಲ್ಲಲ್ಲಿ ಇಳಿಯುತ್ತ ತನ್ನದೇ ಎಂಜಿನ್ ಬಲದಲ್ಲಿ ಭಾರತಕ್ಕೆ ಹಾರಿ ಬಂತು.

2022ರ ಗಣರಾಜ್ಯೋತ್ಸವದಲ್ಲಿ ತಂಗೈಲ್ ಹೆಸರಿನ ವ್ಯೂಹದ ಮುಂದೆ ಹಾರಿದ್ದು ಇದೇ ಪರಶುರಾಮ, ಅಕ್ಕಪಕ್ಕ ಎರಡು ಡಾರ್ನಿಯರ್ ವಿಮಾನಗಳು. ಅದನ್ನು ಹಾರಿಸಲು ಇಂದಿನ ಪೈಲಟ್‌ಗಳು ಬಾಲದ ಚಕ್ರದ ವಿಮಾನವನ್ನು ನೆಲದ ಮೇಲೆ ನೇರ ಓಡಿಸುವ ಹಳೆಯ ವಿದ್ಯೆಯನ್ನು ಹೊಸದಾಗಿ ಕಲಿಯಬೇಕು. ತಂತ್ರಜ್ಞರು ಹಾರಾಟಕ್ಕೆ ಮೊದಲು ಪ್ರೊಪೆಲ್ಲರ್‌ಗೆ ಕೈಹಚ್ಚಿ, ಒಂದೊಂದೇ ಅಲಗನ್ನು ತಿರುಗಿಸುತ್ತ, ಬಿಗಿಯಾಯಿತೇ ಎಂದು ಗಮನಿಸಬೇಕು. ಆ ಬಿಗಿ ಎಷ್ಟಿದ್ದರೆ ನಿಲ್ಲಿಸಬೇಕು ಎಂದು ಹೇಳಿಕೊಡಬಲ್ಲವರು ಜಾಲಹಳ್ಳಿಯಲ್ಲಿ, ಯಲಹಂಕದಲ್ಲಿ, ಮಡಿಕೇರಿಯಲ್ಲಿ ಇನ್ನೂ ನಮ್ಮ ನಡುವೆ ಇದ್ದಾರೆ. ಕೇಳಲು ಹೋದವರಿಗೆ ಕಾಫಿ ಕೊಟ್ಟು ಕೂರಿಸಿ ಹೇಳುತ್ತಾರೆ.